ಅಗೆಯುವ ಟೆಗುವಿನ ಗೂಡಿನಲ್ಲಿ ಗಿಡ ಉಳಿಸಿಕೊಳ್ಳುವ ಬಗೆ

ಟೆಗು ಎಂಬ ದಕ್ಷಿಣ ಅಮೆರಿಕದ ದೊಡ್ಡ ಹಲ್ಲಿಯ ಗೂಡಿನಲ್ಲಿ ನೆಟ್ಟ ಗಿಡ ಸಾಮಾನ್ಯವಾಗಿ ಒಂದು ವಾರ ಬಾಳುವುದಿಲ್ಲ. ಬೇರು ಮೇಲಾಗಿ ಬಿದ್ದಿರುತ್ತದೆ, ಇಲ್ಲವೇ ಅದರ ಬುಡದಲ್ಲೇ ಬಿಲ ಎದ್ದಿರುತ್ತದೆ. ಸಾಕಿದವರು ಆಗ ಪ್ಲಾಸ್ಟಿಕ್ ಗಿಡಕ್ಕೆ ಶರಣಾಗುತ್ತಾರೆ, ಅಥವಾ ಮಣ್ಣಿನ ಆಳ ಕಡಿಮೆ ಮಾಡಿ ಅಗೆಯುವುದನ್ನೇ ತಡೆಯಲು ನೋಡುತ್ತಾರೆ. ಎರಡನೆಯದು ಪ್ರಾಣಿಗೆ ಮಾಡುವ ಅನ್ಯಾಯ. ಮಣ್ಣು ತೋಡುವುದು ಟೆಗುವಿಗೆ ತುಂಟತನವಲ್ಲ. ತಂಪು, ತೇವ, ನಿದ್ದೆ, ಮೊಟ್ಟೆ ಎಲ್ಲವೂ ಅದಕ್ಕೆ ಮಣ್ಣಿನೊಳಗೇ ಸಿಗಬೇಕು. ಆಸ್ಟ್ರೇಲಿಯಾದ ಹಳದಿ ಚುಕ್ಕೆಯ ಉಡವಂತೂ ಮೊಟ್ಟೆ ಇಡಲು ಸುರುಳಿಯಾಕಾರದಲ್ಲಿ 3 ಮೀಟರಿಗೂ ಆಳಕ್ಕೆ ಇಳಿಯುತ್ತದೆ. ಹಾಗಾಗಿ ದಾರಿ ಒಂದೇ: ಪ್ರಾಣಿ ತೋಡುವ ಮಣ್ಣು ಬೇರೆ, ಗಿಡ ಬೇರೂರುವ ಮಣ್ಣು ಬೇರೆ ಎಂದು ಮೊದಲೇ ವಿಂಗಡಿಸಿ ಗೂಡು ಕಟ್ಟುವುದು.

ಇಲ್ಲಿನ ಅಳತೆಗಳೆಲ್ಲ ಅರ್ಜೆಂಟೀನಾದ ಕಪ್ಪು-ಬಿಳಿ ಟೆಗುವಿಗೆ ಹೊಂದುವಂಥವು. ಬೆಳೆದ ಗಂಡು 4 ಅಡಿ ದಾಟುತ್ತದೆ, ತೂಕ 5 ಕಿಲೋ ಆಸುಪಾಸು. ಒಂದು ಟೆಗುವಿಗೆ 8 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರದ ಗೂಡು ಕನಿಷ್ಠ ಬೇಕು. ಆಫ್ರಿಕಾದ ಸವಾನಾ ಉಡಕ್ಕೂ ಇದೇ ಕ್ರಮ ನಡೆಯುತ್ತದೆ. ಮಣ್ಣು ಮಾತ್ರ ಟೆಗುವಿಗೆ 45, ಈ ಉಡಕ್ಕೆ 60 ಸೆಂಟಿಮೀಟರ್ ಆಳವಿರಲಿ.

ಕಾನೂನಿನ ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಹೊಲ, ಬೇಲಿಗಳಲ್ಲಿ ಕಾಣುವ ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಟೆಗು ಮತ್ತು ಹೊರದೇಶದ ಉಡಗಳು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, ಭಾರತದಲ್ಲಿ ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಲೇಬೇಕು. ಅಮೆರಿಕದಲ್ಲಿರುವವರು ತಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. ಕಾಡಿಗೆ ಸೇರಿಕೊಂಡ ಟೆಗುಗಳು ಹಕ್ಕಿ, ಆಮೆ, ಮೊಸಳೆಗಳ ಮೊಟ್ಟೆ ತಿನ್ನತೊಡಗಿದ್ದರಿಂದ ಫ್ಲಾರಿಡಾ 2021ರಲ್ಲಿ ಅವನ್ನು ನಿಷೇಧಿತ ಪಟ್ಟಿಗೆ ಸೇರಿಸಿತು.

ಭಾರದ ಲೆಕ್ಕ

8×4 ಅಡಿ ನೆಲಕ್ಕೆ 45 ಸೆಂಟಿಮೀಟರ್ ಮಣ್ಣು ತುಂಬಿದರೆ ಸುಮಾರು 1,340 ಲೀಟರ್ ಆಗುತ್ತದೆ. ಒದ್ದೆ ಮಣ್ಣು ಲೀಟರಿಗೆ ಒಂದೂವರೆ ಕಿಲೋ ತೂಗುತ್ತದೆ, ಅಂದರೆ ಒಟ್ಟು 2 ಟನ್. ಚದರ ಮೀಟರಿಗೆ 650 ಕಿಲೋಗಿಂತ ಹೆಚ್ಚು. ಮನೆಗಳ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಹೊರೆಗೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಆದ್ದರಿಂದ ಈ ಗೂಡು ನೆಲಮಹಡಿಯ ಕಾಂಕ್ರೀಟ್ ಮೇಲೆ ಕೂರಬೇಕು, ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಲ್ಲ.

ಮಣ್ಣು ತುಂಬುವ ಕೆಳಭಾಗವನ್ನು 60 ಸೆಂಟಿಮೀಟರ್ ಎತ್ತರದವರೆಗೆ ತೊಟ್ಟಿಯಂತೆ ಗಟ್ಟಿ ಮಾಡಿ. 18 ಮಿಲಿಮೀಟರ್ ಪ್ಲೈವುಡ್, ಹೊರಗಿನಿಂದ ಮರದ ಚೌಕಟ್ಟು, ಒಳಗೆ ಕೊಳಗಳಿಗೆ ಬಳಿಯುವ ಎಪಾಕ್ಸಿ ಬಣ್ಣ ಮೂರು ಕೋಟ್. ಡಬ್ಬಿಯ ಮೇಲೆ ಬರೆದಷ್ಟು ದಿನ ಪೂರ್ತಿ ಒಣಗಲು ಬಿಡಿ, ವಾಸನೆ ಹೋಗದೆ ಮಣ್ಣು ತುಂಬಬೇಡಿ. ಕೊಳದ ತಳಕ್ಕೆ ಹಾಸುವ ಪಾಂಡ್ ಲೈನರ್ ಹಾಳೆ ಹಾಸಿದರೆ ಸಾಕು ಎಂದು ಹಲವರು ಹೇಳುತ್ತಾರೆ. ಟೆಗುವಿನ ಉಗುರು ತಳ ಮುಟ್ಟಿದ ದಿನವೇ ಅದು ಹರಿಯುತ್ತದೆ, ಆಮೇಲೆ ಪ್ಲೈವುಡ್ ಒಳಗೊಳಗೇ ಕೊಳೆಯುವುದು ಗೊತ್ತಾಗುವಾಗ ತಡವಾಗಿರುತ್ತದೆ.

ಕಪ್ಪೆ, ಗೆಕ್ಕೊಗಳ ಗೂಡಿನಲ್ಲಿ ಮಾಡುವಂತೆ ತಳಕ್ಕೆ ಜಲ್ಲಿ, ಅದರ ಮೇಲೆ ಜಾಲರಿ, ಅದರ ಮೇಲೆ ಮಣ್ಣು ಎಂಬ ಪದರ ಇಲ್ಲಿ ಬೇಡ. ಅಗೆಯುವ ಪ್ರಾಣಿ ಒಂದು ತಿಂಗಳಲ್ಲಿ ಎಲ್ಲವನ್ನೂ ಕಲಸಿಬಿಡುತ್ತದೆ. ಹರಿದ ಜಾಲರಿಗೆ ಬೆರಳು ಸಿಕ್ಕಿದರೆ ಉಗುರೇ ಕಿತ್ತುಬರುತ್ತದೆ.

ತೋಡುವ ಮಣ್ಣು

ತೋಟದ ಮೇಲ್ಮಣ್ಣು 6 ಪಾಲು, ತೊಳೆದ ಮರಳು 3 ಪಾಲು, ಕೋಕೋಪೀಟ್ ಅಥವಾ ಎಲೆಗೊಬ್ಬರ 1 ಪಾಲು. ಗೊಬ್ಬರ, ಕಳೆನಾಶಕ ಬೆರೆಸಿ ಮಾರುವ ಮಣ್ಣಿನ ಚೀಲ ತರಬೇಡಿ. ಕೋಕೋಪೀಟ್ ಹಗುರ ಎಂದು ಅದನ್ನೇ ಹೆಚ್ಚು ಹಾಕುವವರಿದ್ದಾರೆ. ಅಂಥ ಮಣ್ಣಿನಲ್ಲಿ ಬಿಲ ನಿಲ್ಲುವುದಿಲ್ಲ, ಒಣಗಿದಾಗ ಧೂಳೆದ್ದು ಪ್ರಾಣಿಯ ಮೂಗಿಗೆ ಸೇರುತ್ತದೆ.

ತುಂಬುವ ಮೊದಲು ಪರೀಕ್ಷೆ ಮಾಡಿ. ಹಿಡಿ ಮಣ್ಣು ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳಿನಿಂದ ತಿವಿದರೆ ಒಡೆಯಬೇಕು, ನೀರು ಜಿನುಗಬಾರದು. ನಂತರ ದೊಡ್ಡ ಟಬ್ಬಿನಲ್ಲಿ ಅದೇ ಮಣ್ಣನ್ನು ಅದುಮಿ ತುಂಬಿ, ಪಕ್ಕದಿಂದ ತೋಳಿನಷ್ಟು ಅಗಲದ ಸುರಂಗ ಕೊರೆದು ಒಂದು ದಿನ ಬಿಡಿ. ಚಾವಣಿ ಕುಸಿಯದಿದ್ದರೆ ಮಿಶ್ರಣ ಸರಿ. ಕುಸಿದರೆ ಮರಳು ತಗ್ಗಿಸಿ, ಸ್ವಲ್ಪ ಜೇಡಿ ಇರುವ ಮಣ್ಣು ಸೇರಿಸಿ. ಈ ಪರೀಕ್ಷೆ ಬಿಟ್ಟು ಮುಂದೆ ಹೋಗಬೇಡಿ, ಯಾಕೆಂದರೆ ಕುಂಡಗಳ ಪಕ್ಕದ ಮಣ್ಣು ಕುಸಿದರೆ ಒಳಗಿರುವುದು ಪ್ರಾಣಿ.

ಕುಂಡದೊಳಗೆ ಕುಂಡ

ಇಡೀ ವ್ಯವಸ್ಥೆಯ ಜೀವಾಳ ಇದು. ಹೊರಗಿನ ಕುಂಡ ಗೂಡಿಗೆ ಸೇರಿದ್ದು, ಅಲ್ಲಾಡುವುದಿಲ್ಲ. ಒಳಗಿನದು ನರ್ಸರಿಯ ಪ್ಲಾಸ್ಟಿಕ್ ಕುಂಡ, ಗಿಡದ ಸಮೇತ ಎತ್ತಿ ಬದಲಿಸಲು ಬರುತ್ತದೆ.

ಹೊರಕುಂಡಕ್ಕೆ ದಪ್ಪ ಗೋಡೆಯ ಕಾಂಕ್ರೀಟ್ ಕುಂಡ ತೆಗೆದುಕೊಳ್ಳಿ: ಬಾಯಿ 30 ಸೆಂಟಿಮೀಟರ್, ಎತ್ತರವೂ ಅಷ್ಟೇ. ಅದು ಮಣ್ಣಿನ ಮೇಲೆ ಕೂರಬಾರದು. ಟೆಗು ಕುಂಡದ ಅಡಿ ತೋಡಿಯೇ ತೋಡುತ್ತದೆ, ಆಗ 20 ಕಿಲೋ ಕುಂಡ ಅದರ ಬೆನ್ನಿನ ಮೇಲೆ ಇಳಿಯುತ್ತದೆ. ಗೂಡಿನ ತಳಕ್ಕೆ 20 ಸೆಂಟಿಮೀಟರ್ ಎತ್ತರದ ಕಾಂಕ್ರೀಟ್ ಬ್ಲಾಕ್ ಇಟ್ಟು, ತೂತುಗಳು ಮೇಲ್ಮುಖವಾಗಿರುವಂತೆ ಮಾಡಿ, ಆ ತೂತುಗಳಿಗೆ ಮಣ್ಣು ಅದುಮಿ, ಅದರ ಮೇಲೆ ಕುಂಡ ನಿಲ್ಲಿಸಿ ಸಿಮೆಂಟ್ ಗಾರೆಯಿಂದ ಅಂಟಿಸಿ. ತಳದ ನೀರಿನ ತೂತು ಗಾರೆಯಿಂದ ಮುಚ್ಚದಿರಲಿ. 20 ಮತ್ತು 30 ಸೇರಿ 50. ಮಣ್ಣು 45ಕ್ಕೆ ನಿಂತರೆ ಕುಂಡದ ಅಂಚು 5 ಸೆಂಟಿಮೀಟರ್ ಮೇಲಿರುತ್ತದೆ, ಪ್ರಾಣಿ ಕೆದರಿದ ಮಣ್ಣು ಒಳಗೆ ಸುರಿಯುವುದಿಲ್ಲ. ಗೂಡಿನಲ್ಲಿಡುವ ಯಾವ ಬಂಡೆಗೂ, ದಿಮ್ಮಿಗೂ ಇದೇ ನಿಯಮ: ಭಾರ ತಳದ ಮೇಲೆ ಕೂರಬೇಕು, ಮಣ್ಣಿನ ಮೇಲಲ್ಲ.

8×4 ಅಡಿಗೆ ಇಂಥ ನಾಲ್ಕು ಕುಂಡ ಸಾಕು, ಐದಾದರೆ ಓಡಾಡಲು ಜಾಗ ಕಡಿಮೆ. ಹಿಂಗೋಡೆಯ ಉದ್ದಕ್ಕೆ ಮೂರು, ತಂಪು ಬದಿಯ ಮುಂಭಾಗಕ್ಕೆ ಒಂದು. ಗೋಡೆಗೂ ಕುಂಡಕ್ಕೂ ನಡುವೆ ಪ್ರಾಣಿ ಸರಾಗವಾಗಿ ನುಸುಳುವಷ್ಟು, ಅಂದರೆ 25 ಸೆಂಟಿಮೀಟರ್ ಬಿಡಿ, ಇಲ್ಲವೇ ಪೂರ್ತಿ ಒತ್ತಿಯೇ ಇಡಿ. ನಡುವಿನ ಅಳತೆಯ ಸಂದಿ ತಲೆ ಸಿಕ್ಕಿಕೊಳ್ಳುವ ಜಾಗ.

ಒಳಕುಂಡ 25 ಸೆಂಟಿಮೀಟರಿನದು. ಗಿಡ ನೆಟ್ಟ ಮೇಲೆ ಮಣ್ಣಿನ ಮುಖವನ್ನು ಕಲ್ಲಿನಿಂದ ಮುಚ್ಚಬೇಕು. ಕಡಪ ಕಲ್ಲು ಅಥವಾ ಸ್ಲೇಟಿನ ಎರಡು ಅರ್ಧಚಂದ್ರ ತುಂಡು ಮಾಡಿಸಿ, ಕಾಂಡಕ್ಕೆ ನಡುವೆ ಕಚ್ಚು ಬಿಡಿಸಿ, ಅಂಚು ಉಜ್ಜಿಸಿ ಇಟ್ಟರೆ ಅಚ್ಚುಕಟ್ಟು. ಪ್ರತಿ ತುಂಡು 2 ಕಿಲೋಗೆ ಕಡಿಮೆ ಇದ್ದರೆ ಟೆಗು ಮೂತಿಯಿಂದಲೇ ಎತ್ತಿಹಾಕುತ್ತದೆ. ಹೊಳೆಗಲ್ಲು ಬಳಸುವುದಾದರೆ ಒಂದೊಂದೂ 10 ಸೆಂಟಿಮೀಟರ್ ಮೀರಿರಲಿ. ಊಟದ ವಾಸನೆ ಹತ್ತಿದ ಸಣ್ಣ ಕಲ್ಲನ್ನು ಟೆಗು ನುಂಗುತ್ತದೆ, ಅದು ಕರುಳಿನಲ್ಲಿ ಕೂತರೆ ಶಸ್ತ್ರಚಿಕಿತ್ಸೆಯೇ ಗತಿ.

ಒಳಕುಂಡದ ಮಣ್ಣು: ತೋಟದ ಮಣ್ಣು 2 ಪಾಲು, ದಪ್ಪ ಮರಳು 1, ಕೋಕೋಪೀಟ್ 1, ಒಂದು ಹಿಡಿ ಎರೆಗೊಬ್ಬರ. ಪರ್ಲೈಟ್, ನೀರು ಹೀರುವ ಜೆಲ್ ಗುಂಡು, ಬಣ್ಣದ ರಸಗೊಬ್ಬರದ ಕಾಳು ಯಾವುದೂ ಬೇಡ. ಮೂಳೆಪುಡಿ, ಮೀನಿನ ಗೊಬ್ಬರ ಹಾಕಿದರೆ ಅಲ್ಲಿ ಊಟ ಹೂತಿದೆ ಎಂದೇ ಟೆಗು ತಿಳಿಯುತ್ತದೆ. ಯಾವ ಕಲ್ಲೂ ಅದನ್ನು ತಡೆಯುವುದಿಲ್ಲ. ಹರಳಿನ ಹಿಂಡಿಯನ್ನಂತೂ ಹತ್ತಿರಕ್ಕೂ ತರಬೇಡಿ, ಅದರಲ್ಲಿ ಉಳಿದಿರಬಹುದಾದ ರೈಸಿನ್ ಕೊಲ್ಲುವ ವಿಷ.

ಸುಳಿ ನೋಡಿ ಗಿಡ ಆರಿಸಿ

ಬೇರು ಭದ್ರವಾದ ಮೇಲೆ ಉಳಿಯುವ ಅಪಾಯ ಒಂದೇ, 5 ಕಿಲೋ ಪ್ರಾಣಿ ಗಿಡದ ಮೇಲೆ ಮಲಗುವುದು. ಅದನ್ನು ತಡೆದುಕೊಳ್ಳುವ ಶಕ್ತಿ ಎಲೆಯ ದಪ್ಪದಲ್ಲಿಲ್ಲ, ಸುಳಿ ಎಲ್ಲಿದೆ ಎನ್ನುವುದರಲ್ಲಿದೆ. ಸುಳಿ ಕಾಂಡದ ತುದಿಯಲ್ಲಿರುವ ಗಿಡ ಒಮ್ಮೆ ಮುರಿದರೆ ಮುಗಿಯಿತು. ಮಣ್ಣಿನ ಮಟ್ಟದಲ್ಲೋ ಅದರ ಕೆಳಗೋ ಚಿಗುರುವ ಗಿಡ ಹತ್ತು ಸಲ ತುಳಿಸಿಕೊಂಡರೂ ಮತ್ತೆ ಬರುತ್ತದೆ.

ಸ್ಪೈಡರ್ ಪ್ಲಾಂಟ್ ಈ ಕಾರಣಕ್ಕೇ ಮೊದಲ ಆಯ್ಕೆ. ಗೆಡ್ಡೆಯಂಥ ಬೇರು, ವಿಷವಿಲ್ಲ, ಮರಿಗಿಡಗಳನ್ನು ಧಾರಾಳವಾಗಿ ಕೊಡುತ್ತದೆ. ಕಾಸ್ಟ್ ಐರನ್ ಪ್ಲಾಂಟ್ ಎಂದು ಮಾರುವ ಆಸ್ಪಿಡಿಸ್ಟ್ರಾ ಮಂದ ಬೆಳಕಿಗೂ ಒಗ್ಗುತ್ತದೆ, ಎಲೆ ಚರ್ಮದಷ್ಟು ಗಟ್ಟಿ, ಬೆಳೆಯುವುದು ಮಾತ್ರ ತೀರ ನಿಧಾನ. ಹಾಗಾಗಿ ದೊಡ್ಡದನ್ನೇ ಕೊಳ್ಳಿ. ಅರೇಕಾ ಪಾಮ್ ಚೆಲುವಾಗಿದೆ, ವಿಷವೂ ಇಲ್ಲ, ಆದರೆ ಸುಳಿ ಮುರಿದ ಕಾಂಡ ಸಾಯುತ್ತದೆ. ಒಂದೇ ಕುಂಡದಲ್ಲಿ ಏಳೆಂಟು ಕಾಂಡ ಗುಂಪಾಗಿರುವುದನ್ನು ತಂದರೆ ಒಂದೆರಡು ಹೋದರೂ ಗುಂಪು ನಿಲ್ಲುತ್ತದೆ. ದಾಸವಾಳ ಬೇಕೆಂದರೆ ಕಾಂಡ ಹೆಬ್ಬೆರಳು ದಪ್ಪವಾದ ಮೇಲೆ ಒಳಗೆ ತನ್ನಿ. ಅದರ ಹೂವನ್ನು ಟೆಗು ತಿಂದರೂ ತೊಂದರೆಯಿಲ್ಲ. ಸ್ನೇಕ್ ಪ್ಲಾಂಟ್ ತಾಳಿಕೆಯಲ್ಲಿ ಎಲ್ಲಕ್ಕಿಂತ ಗಟ್ಟಿ, ಆದರೆ ಅದರಲ್ಲಿ ಸಪೋನಿನ್ ಇದೆ, ತಿಂದರೆ ಹೊಟ್ಟೆ ಕೆಡುತ್ತದೆ. ಹುಳ, ಬಸವನಹುಳು ತಿಂದು ಬದುಕುವ ಸವಾನಾ ಉಡದ ಗೂಡಿಗೆ ಅದನ್ನು ಇಡಬಹುದು. ಹಣ್ಣು, ಸೊಪ್ಪಿನ ರುಚಿ ಕಂಡ ಟೆಗುವಿನ ಗೂಡಿಗೆ ಬೇಡ.

ಮನಿ ಪ್ಲಾಂಟಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಕಚ್ಚಿದರೆ ಬಾಯಿ ಉರಿದು ಊದುತ್ತದೆ. ಟೆಗುವಿಗೆ ಎಟುಕದಷ್ಟು ಎತ್ತರದಲ್ಲಿ ಗೋಡೆಗೆ ಬಿಗಿದ ತೊಟ್ಟಿಯಲ್ಲಿಟ್ಟು, ಬಳ್ಳಿ ಕೆಳಗಿಳಿಯದಂತೆ ಕತ್ತರಿಸುತ್ತಿದ್ದರೆ ಆದೀತು. ಆ ಎತ್ತರಕ್ಕೆ ಬಾಸ್ಟನ್ ಫರ್ನ್ ಇನ್ನೂ ಒಳ್ಳೆಯದು. ಕಣಗಿಲೆ, ಉಮ್ಮತ್ತಿ, ಎಕ್ಕ, ಹಾಲುಗಳ್ಳಿ, ಲಂಟಾನ, ಸೈಕಾಸ್, ಡೈಫನ್‌ಬಾಕಿಯಾ ಇವು ಗೂಡಿರುವ ಕೋಣೆಗೂ ಬೇಡ.

ನರ್ಸರಿಯಿಂದ ತಂದ ಗಿಡವನ್ನು ನೇರ ಒಳಗಿಡಬಾರದು. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಬೇರಿನಿಂದ ಎಲೆಗೇರಿ ತಿಂಗಳುಗಟ್ಟಲೆ ಉಳಿಯುತ್ತದೆ, ತೊಳೆದರೆ ಹೋಗುವುದಿಲ್ಲ. ಬೇರಿನ ಮಣ್ಣನ್ನೆಲ್ಲ ಬಿಡಿಸಿ ತೊಳೆದು, ಹೊಸ ಮಣ್ಣಿಗೆ ನೆಟ್ಟು, ಮೂರು ತಿಂಗಳಾದರೂ ಹೊರಗೆ ಬೆಳೆಸಿ. ಇನ್ನೂ ನಿಶ್ಚಿಂತೆ ಬೇಕೆಂದರೆ ತಂದ ಗಿಡವನ್ನು ತಾಯಿಯಾಗಿ ಇಟ್ಟುಕೊಂಡು ಅದರ ಮರಿಗಳನ್ನು ಮಾತ್ರ ಗೂಡಿಗೆ ಕೊಡಿ.

ಬೆಳಕು, ಬಿಸಿ

ಟೆಗುವಿಗೆ ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬ್ ಬೇಕು, ಆದರೆ ಗಿಡಕ್ಕೆ ಅದರ ಬೆಳಕು ಸಾಲದು. 6500 ಕೆಲ್ವಿನ್ ಬಣ್ಣದ, 4 ಅಡಿ ಉದ್ದದ, 30ರಿಂದ 40 ವ್ಯಾಟಿನ ಎಲ್‌ಇಡಿ ಬ್ಯಾಟನ್ ಮೂರನ್ನು ಚಾವಣಿಗೆ ಬಿಗಿದು ದಿನಕ್ಕೆ 12 ಗಂಟೆ ಉರಿಸಿ. ಬೆಳಕು ಅಳೆಯುವ ಫೋನಿನ ಲಕ್ಸ್ ಆ್ಯಪ್ ಎಲೆಯ ಮಟ್ಟದಲ್ಲಿ 6,000ದಿಂದ 10,000 ತೋರಿಸಿದರೆ ನೆರಳಿನ ಗಿಡಗಳು ಬಾಳುತ್ತವೆ. ದಾಸವಾಳಕ್ಕೆ ಅದರ ದುಪ್ಪಟ್ಟಾದರೂ ಬೇಕು, ಅದಕ್ಕೇ ಅದು ಒಳಗೆ ಹೂ ಬಿಡುವುದು ಕಷ್ಟ.

ಪ್ರಾಣಿ ಮೈ ಕಾಯಿಸುವ ಕಲ್ಲಿನ ಮೇಲ್ಮೈ 50ರಿಂದ 55 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆ ದೀಪದ ನೇರದಿಂದ ಕನಿಷ್ಠ 60 ಸೆಂಟಿಮೀಟರ್ ಆಚೆಗೆ ಮಾತ್ರ ಗಿಡ. ಹತ್ತಿರವಿದ್ದರೆ ಎಲೆ ಒಂದೇ ಮಧ್ಯಾಹ್ನದಲ್ಲಿ ಬೆಂದು ಬಿಳಿಚುತ್ತದೆ.

ನೀರು

ಟೆಗುವಿಗೆ ಗಾಳಿಯಲ್ಲಿ ಶೇಕಡಾ 70ರಿಂದ 80 ತೇವ ಬೇಕು. ಅದನ್ನು ಗಿಡಗಳು ಕೊಡುತ್ತವೆ ಎಂದು ನಂಬಬೇಡಿ. ನಾಲ್ಕು ಗಿಡ ಬಿಡುವ ತೇವ ಲೆಕ್ಕಕ್ಕಿಲ್ಲ. ಗಿಡದ ಕೆಲಸ ಮರೆ ಕೊಡುವುದು. ಎಲೆಗಳ ಹಿಂದೆ ಅಡಗಬಹುದು ಎಂದು ಗೊತ್ತಿರುವ ಟೆಗು ಬಯಲಿನಲ್ಲೂ ಧೈರ್ಯವಾಗಿ ಓಡಾಡುತ್ತದೆ. ತೇವ ಕೊಡುವುದು ಆಳದ ಮಣ್ಣು.

ಮೇಲಿನಿಂದ ಸಿಂಪಡಿಸಿದ ನೀರು ಮೇಲಿನ ಎರಡು ಅಂಗುಲದಲ್ಲೇ ನಿಂತು ಪ್ರಾಣಿಯ ಹೊಟ್ಟೆಯ ಚರ್ಮಕ್ಕೆ ಹುಣ್ಣು ತರುತ್ತದೆ. ಬದಲಿಗೆ ಎದುರುಬದುರು ಎರಡು ಮೂಲೆಗೆ 2 ಅಂಗುಲದ ಪಿವಿಸಿ ಪೈಪನ್ನು ತಳದವರೆಗೆ ನಿಲ್ಲಿಸಿ, ಗೋಡೆಗೆ ಕ್ಲಾಂಪ್ ಹಾಕಿ. ಕೆಳಗಿನ 15 ಸೆಂಟಿಮೀಟರಿಗೆ ಸಣ್ಣ ತೂತುಗಳನ್ನು ಕೊರೆದು ಬಟ್ಟೆ ಸುತ್ತಿರಿ, ಮೇಲೆ ಮುಚ್ಚಳವಿರಲಿ. ವಾರಕ್ಕೊಮ್ಮೆ ಪ್ರತಿ ಪೈಪಿಗೆ 4 ಲೀಟರಿನಿಂದ ಶುರುಮಾಡಿ, ಮಣ್ಣು ನೋಡಿ ಹೆಚ್ಚು ಕಡಿಮೆ ಮಾಡಿ. ಸುರಿಯುವ ಮೊದಲು ಪೈಪಿನೊಳಗೆ ಬಿದಿರು ಕಡ್ಡಿ ಇಳಿಸಿ ನೋಡಿ. ತುದಿಯಲ್ಲಿ 2 ಸೆಂಟಿಮೀಟರಿಗಿಂತ ಹೆಚ್ಚು ನೀರಿನ ಗುರುತು ಕಂಡರೆ ಆ ವಾರ ನೀರು ಬೇಡ. ಹೆಚ್ಚಾದ ನೀರನ್ನು ಇದೇ ಪೈಪಿನಿಂದ ಸಣ್ಣ ನಳಿಕೆಯಲ್ಲಿ ಹೊರಗೆಳೆಯಬಹುದು. ಕುಂಡದ ಗಿಡಗಳಿಗೆ ಮಾತ್ರ ಬೇರೆಯಾಗಿ, ಕಲ್ಲಿನ ಕಚ್ಚಿನ ಮೂಲಕ ನೀರು.

ಮಣ್ಣಿನ ಮೇಲೆ 5 ಸೆಂಟಿಮೀಟರ್ ಒಣ ಎಲೆ ಹರಡಿ: ಮಾವು, ಹಲಸು, ಹೊರದೇಶದಲ್ಲಿ ಓಕ್ ಅಥವಾ ಮ್ಯಾಗ್ನೋಲಿಯಾ. ಔಷಧಿ ಹೊಡೆಯದ ಮರದ್ದಾಗಿರಲಿ. ಇದರಡಿ ಸ್ಪ್ರಿಂಗ್‌ಟೇಲ್, ಐಸೊಪಾಡ್ ಎಂಬ ಕೊಳೆತದ್ದನ್ನು ತಿನ್ನುವ ಪುಟ್ಟ ಜೀವಿಗಳನ್ನು ಬಿಟ್ಟರೆ ಬೂಸ್ಟು, ಚೂರುಪಾರು ಹಿಕ್ಕೆ ತಿಂದು ತೀರಿಸುತ್ತವೆ. ಟೆಗು ಐಸೊಪಾಡ್‌ಗಳನ್ನೂ ಹೆಕ್ಕುತ್ತದೆ. ಕುಂಡಗಳೊಳಗಿನ ಕಲ್ಲಿನಡಿ ಮೊದಲ ಗುಂಪನ್ನು ಬಿಟ್ಟರೆ ಅವು ಅಲ್ಲಿ ಬದುಕಿ ಸಂತತಿ ಬೆಳೆಸುತ್ತವೆ.

ಗಿಡ ಬದಲಿಸುವ ಸರದಿ

ಎಂಟು ಒಳಕುಂಡ ಬೆಳೆಸಿ, ನಾಲ್ಕು ಒಳಗೆ, ನಾಲ್ಕು ಹೊರಗೆ. ಐದಾರು ವಾರಕ್ಕೊಮ್ಮೆ ಅದಲುಬದಲು. ಒಂದೇ ದಿನ ನಾಲ್ಕನ್ನೂ ಬದಲಿಸಿದರೆ ಟೆಗು ಗಾಬರಿಯಾಗಿ ಎಲ್ಲವನ್ನೂ ಕೆದರಲು ಹೋಗುತ್ತದೆ, ವಾರಕ್ಕೆ ಒಂದು ಸಾಕು. ಹೊರತೆಗೆದ ಕುಂಡದ ತಳದಿಂದ ಇಣುಕುವ ಬೇರು ಕತ್ತರಿಸಿ, ಕುಂಡದ ಅಳತೆಯ ಮೂರು ಪಟ್ಟು ನೀರು ಹಾಯಿಸಿ ಉಪ್ಪು ತೊಳೆಯಿರಿ. ಟೆಗುವಿನ ಹಿಕ್ಕೆಯ ಜೊತೆ ಬರುವ ಬಿಳಿ ಯೂರೇಟ್ (ಗಟ್ಟಿಯಾದ ಮೂತ್ರ) ಮಣ್ಣಿಗೆ ಸೇರಿದಷ್ಟೂ ಎಲೆಯ ತುದಿ ಸುಟ್ಟು ಕಂದಾಗುತ್ತದೆ. ಹೆಚ್ಚಿನ ಟೆಗುಗಳು ಒಂದೇ ಮೂಲೆಯಲ್ಲಿ ಹಿಕ್ಕೆ ಹಾಕುತ್ತವೆ. ಆ ಮೂಲೆ ಯಾವುದೆಂದು ಗೊತ್ತಾದ ಮೇಲೆಯೇ ಕುಂಡಗಳ ಜಾಗ ಗಟ್ಟಿ ಮಾಡಿ.

ಈ ಸರೀಸೃಪಗಳಲ್ಲಿ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ತೊಳೆದ ನೀರು ಕರಿಬೇವು, ಕೊತ್ತಂಬರಿಯ ಕುಂಡಕ್ಕೆ ಹೋಗಬಾರದು, ಅಡಿಗೆಮನೆಯ ಸಿಂಕಿಗೂ ಬೇಡ. ಕೆಲಸ ಮುಗಿದೊಡನೆ ಸೋಪಿನಿಂದ ಕೈ ತೊಳೆಯಿರಿ.

ಟೆಗುವಿಗೆ ಕೆದರಲು ಅಡ್ಡಿಯಿಲ್ಲದ ಹಸಿರೂ ಬೇಕು. ಆಳವಿಲ್ಲದ ಟ್ರೇಯಲ್ಲಿ ಗೋಧಿ ಬಿತ್ತಿದರೆ ಹತ್ತು ದಿನದಲ್ಲಿ ಗೇಣುದ್ದ ಬರುತ್ತದೆ. ಅದನ್ನು ಹಾಗೇ ಒಳಗಿಡಿ, ಹಾಳು ಮಾಡಲೆಂದೇ ಇಡುವುದು. ಎರಡು ಟ್ರೇ ಸರದಿಯಲ್ಲಿ ನಡೆಸಿದರೆ ಕುಂಡಗಳ ಮೇಲಿನ ಗಮನವೂ ಕಡಿಮೆಯಾಗುತ್ತದೆ.

ಏನು ಕೆಡುತ್ತದೆ, ಯಾಕೆ

ಕೆಳಗಿನ ಎಲೆ ಹಳದಿಯಾಗಿ ಕಾಂಡದ ಬುಡ ಮೆತ್ತಗಾದರೆ ನೀರು ಹೆಚ್ಚಾಗಿದೆ. ಹೊರಕುಂಡದ ತೂತು ಮುಚ್ಚಿರಬಹುದು, ಒಳಕುಂಡ ಎತ್ತಿ ಕಡ್ಡಿಯಿಂದ ತಿವಿದು ನೋಡಿ. ಹೊಸ ಎಲೆ ಉದ್ದುದ್ದ, ಪೇಲವವಾಗಿ ಬಂದರೆ ಬೆಳಕು ಸಾಲದು. ಸಣ್ಣ ಕಪ್ಪು ನೊಣ ಹಾರಾಡಿದರೆ ಕುಂಡದ ಮೇಲ್ಮಣ್ಣು ಒಣಗುವ ಅವಕಾಶವೇ ಸಿಗುತ್ತಿಲ್ಲ. ನೀರಿನ ಅಂತರ ಹೆಚ್ಚಿಸಿ, ಔಷಧಿ ಹೊಡೆಯಬೇಡಿ. ಕುಂಡದ ಸುತ್ತ ಬಿರುಕು ಕಂಡರೆ ಆಳದ ಮಣ್ಣು ಒಣಗಿದೆ, ಬಿಲ ಕುಸಿಯುವ ಮುನ್ಸೂಚನೆ ಅದು, ಅದೇ ದಿನ ಪೈಪಿಗೆ ನೀರು ಹಾಕಿ.

ಉತ್ತರಾರ್ಧಗೋಳದಲ್ಲಿ ಟೆಗುಗಳು ಅಕ್ಟೋಬರ್-ನವೆಂಬರ್ ಹೊತ್ತಿಗೆ ಬಿಲ ಸೇರಿ ಫೆಬ್ರವರಿ-ಮಾರ್ಚ್‌ವರೆಗೆ ಮಲಗುವುದುಂಟು. ಆಗ ದೀಪದ ಅವಧಿ 8 ಗಂಟೆಗೆ ಇಳಿಸಿ, ಬಿಲದ ಹತ್ತಿರದ ಕುಂಡ ಎತ್ತಬೇಡಿ, ಪೈಪಿಗೆ ಅರ್ಧದಷ್ಟೇ ನೀರು. ಬಿಲಕ್ಕೆ ನೀರು ನುಗ್ಗಿದರೆ ಮಲಗಿದ ಪ್ರಾಣಿಗೆ ಶೀತ ಹಿಡಿದು ಶ್ವಾಸಕೋಶ ಕೆಡುತ್ತದೆ. ಬದಲಿಸಬೇಕಾದ ಗಿಡಗಳನ್ನು ಮಲಗುವ ಮೊದಲೇ ಬದಲಿಸಿಟ್ಟರೆ ಆ ನಾಲ್ಕು ತಿಂಗಳು ಯಾರೂ ತುಳಿಯದೆ ಚೆನ್ನಾಗಿ ಬೇರು ಬಿಡುತ್ತವೆ.

ಎದ್ದ ಮೇಲೆ ಹೆಣ್ಣು ಟೆಗು ಎಲೆ ಕಿತ್ತು ಒಂದೆಡೆ ರಾಶಿ ಹಾಕತೊಡಗಿದರೆ ಅದು ಗೂಡು ಕಟ್ಟುತ್ತಿದೆ. ಗಂಡಿಲ್ಲದಿದ್ದರೂ ಮೊಟ್ಟೆ ಬರಬಹುದು. ಆ ಬದಿಯ ಒಳಕುಂಡಗಳನ್ನು ತೆಗೆದು, ಹೊರಕುಂಡಗಳ ಬಾಯಿಗೆ ಕಲ್ಲು ಮುಚ್ಚಿ, ಎರಡು ಬುಟ್ಟಿಯಷ್ಟು ಧೂಳಿಲ್ಲದ ಒಣಹುಲ್ಲು ಮತ್ತು ಒಣ ಎಲೆ ಹಾಕಿಕೊಡಿ. ಮೊಟ್ಟೆ ಇಟ್ಟ ಹೆಣ್ಣು ಕಾವಲು ಕೂತು ಕೈ ಹಾಕಿದವರನ್ನು ಕಚ್ಚುತ್ತದೆ. ಗಿಡಗಳು ಹಿಂದಿರುಗುವುದು ಮೊಟ್ಟೆ ತೆಗೆದು ಎರಡು ವಾರ ಕಳೆದ ಮೇಲೆ.